ಗಾಡಿ ನಿಲ್ಲಿಸಿದ ಕಡೆ

ಬನ್ನೂರು

ಪ್ರಾಣಿ ನೋಡೋಕೆ ಹೊರಟವನು ಪಕ್ಕದ ಬಂಡೀಪುರ ಬಿಟ್ಟು ಬೈಕಿನಲ್ಲಿ ಉತ್ತರಕ್ಕೆ ಯಾಕೆ ಹೋಗ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಬಂಡೀಪುರದ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. 2009ರಿಂದೀಚೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರು ಓಡಿಸುವಂತೆಯೂ ಇಲ್ಲ. ಬಯಲುಸೀಮೆಯಲ್ಲಾದರೆ ಬೇಕಾದ ಕಡೆ ನಿಲ್ಲಬಹುದು.

ಹೊರಡುವಾಗಲೇ ಒಂದು ಗೊಂದಲ. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲೇ ಚಿರತೆಗೆ ನಾಲ್ವರು ಬಲಿಯಾದರು. ದಿನಾ ಕಬ್ಬಿನ ಗದ್ದೆಯ ಬದಿಯಲ್ಲೇ ಓಡಾಡಿದ ನಾನು ಚಿರತೆಯ ಬಾಲವನ್ನೂ ಕಂಡಿಲ್ಲ. ಅದು ನನ್ನನ್ನು ಎಷ್ಟು ಸಲ ನೋಡಿದೆಯೋ!

ಮೈದನಹಳ್ಳಿ, ಮಧುಗಿರಿ ತಾಲ್ಲೂಕು

ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. 798 ಎಕರೆ ಹುಲ್ಲುಗಾವಲು, ಸುತ್ತ ಹೊಲ. ಬೈಕ್ ಗುಡುಗುಡು ಅನ್ನುತ್ತಾ ಹೋಗುವಷ್ಟು ಹೊತ್ತು ಮೇಯುತ್ತಿದ್ದ ಹಿಂಡು ತಲೆ ಎತ್ತಲಿಲ್ಲ. ಎಂಜಿನ್ ಆರಿಸಿದೆ. ಮೊದಲು ಒಂದು ಹೆಣ್ಣು ಕಿವಿ ನಿಮಿರಿಸಿತು, ಆಮೇಲೆ ಎಲ್ಲವೂ. ಸುರುಳಿ ಕೊಂಬಿನ ಕರಿ ಗಂಡು ಮಾತ್ರ ಅರೆಗಳಿಗೆ ನಿಂತು ನೋಡಿ, ಹಿಂಡಿನ ಹಿಂದೆ ನೆಗೆಯಿತು. ಸದ್ದಿಗೆ ಹೆದರದ್ದು ಸದ್ದಡಗಿದ್ದಕ್ಕೆ ಹೆದರಿತೇ?

"ಓಯ್ತಾ ಇದ್ರೆ ಏನೂ ಮಾಡಲ್ಲ ಸ್ವಾಮಿ. ನಿಂತೋರ್ನ ಕಂಡ್ರೆ ಅನುಮಾನ" ಅಂದ ಕುರಿ ಕಾಯುವವನು. ಅವನೂ ನಿಂತೇ ಇದ್ದ!

ದರೋಜಿ

1994ರಲ್ಲಿ ಆದ ಕರಡಿಧಾಮ. ಮಧ್ಯಾಹ್ನ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ, ನಾವು ಎದುರಿನ ಗೋಪುರದಲ್ಲಿ ಕಾಯುತ್ತೇವೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಬಂತು. ಗೆದ್ದಲು ಹೀರಲೆಂದು ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲೇ ಇಲ್ಲದ ಪ್ರಾಣಿ ಅದು. ಈಗ ಅದೇ ಬಾಯಿಂದ ಬಂಡೆಯ ಸಂದುಗಳನ್ನು ನೆಕ್ಕುತ್ತಿದೆ. ಗೋಪುರದ ಕಡೆ ಕಣ್ಣೆತ್ತಲಿಲ್ಲ. ನಾನು ನೋಡಿದ್ದು ಕಾಡುಪ್ರಾಣಿಯನ್ನೋ, ಊಟದ ಹೊತ್ತಿಗೆ ಸರಿಯಾಗಿ ಬಂದ ನೆಂಟರನ್ನೋ?

ಮಾಗಡಿ ಕೆರೆ, ಗದಗ ಜಿಲ್ಲೆ

2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಂಚಿನಲ್ಲಿ ಒತ್ತೊತ್ತಾಗಿ ಕೂತಿವೆ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೂ ಬರುವುದು ಇದೇ ಜಾತಿ. ಎಮ್ಮೆಗಳು ಅವುಗಳ ನಡುವೆಯೇ ನೀರಿಗಿಳಿದರೂ ಕದಲಲಿಲ್ಲ. ನಾನು ಬೈನಾಕ್ಯುಲರ್ ಎತ್ತಿದ್ದೇ ತಡ, ಹತ್ತಿರದವು ಕತ್ತು ನೀಳ ಮಾಡಿ ಕೆರೆಯೊಳಕ್ಕೆ ಸರಿದವು.

"ಹಗಲೆಲ್ಲ ಕೆರ್ಯಾಗ ಇರ್ತಾವ್ರಿ, ರಾತ್ರಿ ನಮ್ಮ ಹೊಲಕ್ಕ ಮೇಯಾಕ ಬರ್ತಾವ" ಅಂದರು ಏರಿ ಮೇಲೆ ಕೂತಿದ್ದ ರೈತರು. ಬೆಳೆಯ ಯಜಮಾನ ಎದುರಿಗೇ ಕೂತಿದ್ದಾನೆ, ಅವನ ಅಂಜಿಕೆ ಅವಕ್ಕಿಲ್ಲ. ಕಾಳೂ ಬೆಳೆಯದ, ಕಲ್ಲೂ ಎಸೆಯದ ನನ್ನನ್ನು ಕಂಡರೆ ದಿಗಿಲು.

ಬೇಟೆಗಾರ ಪ್ರಾಣಿ ಮಾಡುವುದೂ ನಾನು ಮಾಡಿದ್ದನ್ನೇ ಅಲ್ಲವೇ: ನಿಲ್ಲುವುದು, ಸದ್ದಡಗಿಸುವುದು, ದಿಟ್ಟಿಸುವುದು? ಆದರೆ ಆ ಕುರಿಯವನ ಕಡೆ ಮಿಗಗಳು ಯಾಕೆ ನೋಡಲಿಲ್ಲ ಎಂಬುದು ಇನ್ನೂ ಬಗೆಹರಿದಿಲ್ಲ. ಅವನ ಕುರಿಗಳಿಂದಲೋ, ದಿನದ ರೂಢಿಯಿಂದಲೋ? ಊರಿಗೆ ಹೋದಮೇಲೆ ಯಾರದಾದರೂ ಬನ್ನೂರು ಕುರಿ ಹಿಂಡಿನ ಹಿಂದೆ, ಬರಿಗೈಯಲ್ಲಿ, ಹದಿನಾರು ಕೆರೆಯಂಚಿಗೆ ಹೋಗಿ ನೋಡಬೇಕು.