ಸಾರು ಎಲ್ಲರದು, ಬರಹ ಬರೆದವರದು

ಒಲೆಯ ಮುಂದೆ ಕಲಿತ ವಿದ್ಯೆಗೆ ಪಹಣಿ ಪತ್ರವಿಲ್ಲ. ಬೇಳೆ, ಹುಣಸೆಹುಳಿ, ಸಾರಿನಪುಡಿ, ಇಂಗಿನ ಒಗ್ಗರಣೆ ಇವೆಲ್ಲ ಕೂಡಿದರೆ ಸಾರಾಗುತ್ತದೆ ಎಂಬ ತಿಳಿವಳಿಕೆಯನ್ನು ಯಾರೂ ತಮ್ಮ ಹೆಸರಿಗೆ ಬರೆಸಿಕೊಂಡಿಲ್ಲ. ಅತ್ತೆ ಸೊಸೆಗೆ, ನೆರೆಮನೆಯಾಕೆ ಹೊಸದಾಗಿ ಬಾಡಿಗೆಗೆ ಬಂದವಳಿಗೆ, ಮದುವೆ ಮನೆಯ ಅಡುಗೆಭಟ್ಟರು ತರಕಾರಿ ಹೆಚ್ಚುವ ಹುಡುಗನಿಗೆ ಹೇಳಿಕೊಡುತ್ತಲೇ ಬಂದ ವಿದ್ಯೆ ಇದು. ಕೇಳಿದವರಿಗೆ ಎಲ್ಲವನ್ನೂ ಹೇಳಿ, ಒಂದು ಪದಾರ್ಥವನ್ನು ಮಾತ್ರ ಮರೆತಂತೆ ಬಿಟ್ಟುಬಿಡುವ ಜಾಣೆಯರೂ ಇದ್ದರೆನ್ನಿ. ಆದರೂ ವಿದ್ಯೆ ಊರಿಂದೂರಿಗೆ ನಡೆದೇ ನಡೆಯಿತು.

ಕನ್ನಡದಲ್ಲಂತೂ ಅಡುಗೆಯನ್ನು ಬರೆದಿಡುವ ಅಭ್ಯಾಸ ಸಾವಿರ ವರ್ಷದಷ್ಟು ಹಳೆಯದು. ಕ್ರಿ.ಶ. 1025ರ ಸುಮಾರಿಗೆ ರಚನೆಯಾದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಬೇಸಾಯ, ವೈದ್ಯಗಳ ಜೊತೆಗೆ ಪಾಕದ ವಿಷಯವೂ ಇದೆ. 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಅಡುಗೆಗೇ ಮೀಸಲಾದ ಪದ್ಯಕೃತಿ. ಅದರಲ್ಲಿರುವ ತಿನಿಸುಗಳನ್ನೆಲ್ಲ ಕವಿಯೇ ಕಂಡುಹಿಡಿದನೆಂದು ಯಾರೂ ಹೇಳುವುದಿಲ್ಲ. ಆದರೆ ಅವನ್ನು ಹೊಂದಿಸಿ ಪದ್ಯವಾಗಿಸಿದ ಶ್ರಮ ಅವನದು. ತಿನಿಸು ಬೇರೆ, ತಿನಿಸಿನ ಬಗೆಗಿನ ಬರಹ ಬೇರೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಈಗ ಮೊಬೈಲ್ ಯುಗ. ಒಬ್ಬಾಕೆ ನಾಲ್ಕು ಸಲ ಕೆಡಿಸಿ, ಐದನೆಯ ಸಲ ಸರಿಮಾಡಿ ಬರೆದ ಪಾಕವಿಧಾನ ಹೆಬ್ಬೆರಳಿನ ಒಂದು ಒತ್ತಿಗೆ ನೂರು ಮನೆ ತಲುಪುತ್ತದೆ. ಮೂರನೆಯ ಕೈಗೆ ಹೋಗುವಷ್ಟರಲ್ಲಿ ಬರೆದವಳ ಹೆಸರು ಉದುರಿಹೋಗಿರುತ್ತದೆ. ಐದನೆಯ ಕೈಯಲ್ಲಿ ಬೇರೊಬ್ಬರ ಹೆಸರು ಅಂಟಿಕೊಂಡಿರುತ್ತದೆ. ಸ್ವಲ್ಪ ಅಳುಕಿದವರು ಕೊನೆಯಲ್ಲಿ ‘ಕೃಪೆ: ವಾಟ್ಸಾಪ್’ ಎಂದು ಸೇರಿಸುತ್ತಾರೆ. ವಾಟ್ಸಾಪ್ ಎಂದಾದರೂ ಒಲೆ ಹಚ್ಚಿದ್ದುಂಟೇ?

ಕಾನೂನು ಏನು ಹೇಳುತ್ತದೆ? ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಉಂಟು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1978ರಲ್ಲಿ, ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಅದೇ ಅಳತೆಗೋಲನ್ನು ಅಡುಗೆಗೆ ಹಿಡಿದರೆ, ‘ಕಡಲೆಹಿಟ್ಟು ಒಂದು ಲೋಟ, ಸಕ್ಕರೆ ಎರಡು ಲೋಟ’ ಎಂಬ ಪಟ್ಟಿಯ ಮೇಲೆ ಯಾರೂ ಒಡೆತನ ಸಾಧಿಸಲಾರರು. ಆದರೆ ಅದನ್ನು ವಿವರಿಸಿದ ವಾಕ್ಯಗಳು, ಜೊತೆಗೆ ಹೇಳಿದ ನೆನಪುಗಳು, ತೆಗೆದ ಚಿತ್ರ ಇವು ಕೃತಿಗಳು. ಹಕ್ಕು ಹುಟ್ಟಲು ನೋಂದಣಿ ಮಾಡಿಸಬೇಕಿಲ್ಲ. ಬರೆದವರ ಜೀವಿತಕಾಲ ಮತ್ತು ಆನಂತರ 60 ವರ್ಷ ಆ ಹಕ್ಕು ಉಳಿಯುತ್ತದೆ. ಪತ್ರಿಕೆಯಲ್ಲಿ ಕಂಡ ಪಾಕವಿಧಾನವನ್ನು ಸ್ವಂತ ಬಳಕೆಗೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಕಾಯ್ದೆ ಹುಬ್ಬೇರಿಸುವುದಿಲ್ಲ. ಅದನ್ನೇ ಊರಿಗೆಲ್ಲ ಹಂಚುವ ಮಾತು ಬೇರೆ.

ಈ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ನೆನಪಿಸಿಕೊಂಡರೆ ಸಾಕು. ಲೋಲಕದ ಪ್ರಯೋಗದಲ್ಲಿ ಉದ್ದೇಶ, ಉಪಕರಣ, ವಿಧಾನ ಇಡೀ ತರಗತಿಗೆ ಒಂದೇ. ಅದನ್ನು ಯಾರೂ ಕಳವೆನ್ನುವುದಿಲ್ಲ. ಆದರೆ ಅಳತೆಗಳು ಅವರವರ ಕೈಯಿಂದಲೇ ಬರಬೇಕು. ಪಕ್ಕದವನ ಕೋಷ್ಟಕವನ್ನು ಇಳಿಸಿಕೊಂಡವನು ಉಪಾಧ್ಯಾಯರ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ.

ಮೈಸೂರುಪಾಕನ್ನೇ ತೆಗೆದುಕೊಳ್ಳೋಣ. ಸಕ್ಕರೆ ಪಾಕಕ್ಕೆ ಕಡಲೆಹಿಟ್ಟು ಕಲಸಿ, ಬಿಸಿ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಮಗುಚಬೇಕು ಎಂಬುದು ವಿಧಾನ. ಅದು ಎಲ್ಲರ ಆಸ್ತಿ. ಕಾದ ತುಪ್ಪ ತಗುಲಿದೊಡನೆ ಪಾಕದೊಳಗಿನ ನೀರು ಆವಿಯಾಗಿ ನುಗ್ಗಿ ಹೊರಬರುತ್ತದೆ, ಗೂಡುಗೂಡಾದ ರಚನೆ ಉಂಟಾಗುವುದು ಅದರಿಂದಲೇ ಎಂಬುದು ವಿಜ್ಞಾನ. ಅದೂ ಎಲ್ಲರದು. ಆದರೆ ತಮ್ಮ ಬಾಣಲೆಯಲ್ಲಿ ಗುಳ್ಳೆಗಳ ಸದ್ದು ಯಾವಾಗ ಬದಲಾಯಿತು, ತಟ್ಟೆಗೆ ಸುರಿಯಲು ಒಂದು ನಿಮಿಷ ತಡವಾದಾಗ ಏನಾಯಿತು ಎಂದು ಒಬ್ಬರು ತಮ್ಮ ಮಾತಿನಲ್ಲಿ ಬರೆದಿದ್ದರೆ, ಅದು ಅವರ ಕೋಷ್ಟಕ. ಅದನ್ನು ಹಾಗೆಯೇ ಎತ್ತಿ ತನ್ನದೆಂದು ತೋರಿಸುವವರು ಮಾಡದ ಪ್ರಯೋಗಕ್ಕೆ ಅಂಕ ಕೇಳಿದಂತೆ.

ಇದು ಎಷ್ಟು ನೋವಿನ ಸಂಗತಿಯಾಗಬಲ್ಲದು ಎಂಬುದಕ್ಕೆ 2021ರಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿ. ಸಿಂಗಪುರದ ಪೆರಾನಾಕನ್ ಜನ ಮಲಯ ನಾಡಿನಲ್ಲಿ ನೆಲೆಸಿದ ಚೀನೀಯರ ಸಂತತಿ. ಚೀನೀ ಮತ್ತು ಮಲಯ ಬೆರೆತದ್ದು ಅವರ ಅಡುಗೆ. ಆ ಸಮುದಾಯದ ಶಾರನ್ ವೀ ಎಂಬ ಲೇಖಕಿ ತಮ್ಮ ತಾಯಿಯ ನೆನಪಿಗಾಗಿ ಬರೆದ ಅಡುಗೆ ಪುಸ್ತಕ 2012ರಲ್ಲಿ ಪ್ರಕಟವಾಗಿತ್ತು. ಒಂಬತ್ತು ವರ್ಷಗಳ ಬಳಿಕ ಲಂಡನ್ನಿನಲ್ಲಿ ಹೆಸರು ಮಾಡಿದ್ದ ಬಾಣಸಿಗರೊಬ್ಬರ ‘ಮಕಾನ್’ ಪುಸ್ತಕ ಹೊರಬಂದಾಗ, ಅದರಲ್ಲಿ ತಮ್ಮ ಪುಸ್ತಕದ ಕೆಲವು ಪಾಕವಿಧಾನಗಳೂ ಇತರ ಬರಹವೂ ಒಪ್ಪಿಗೆಯಿಲ್ಲದೆ ಸೇರಿವೆ ಎಂದು ಅವರು ದೂರಿದರು. ಪ್ರಕಾಶಕರು ಹಕ್ಕಿನ ತೊಡಕನ್ನು ಮುಂದಿಟ್ಟು, ಆ ವರ್ಷದ ಅಕ್ಟೋಬರಿನಲ್ಲಿ ‘ಮಕಾನ್’ ಅನ್ನು ಮಾರಾಟದಿಂದ ಹಿಂತೆಗೆದುಕೊಂಡರು.

ಶುಂಠಿ, ಮೆಣಸಿನಕಾಯಿಗಳ ಪಟ್ಟಿ ಹೋಯಿತೆಂದು ಯಾರೂ ಇಷ್ಟು ನೊಂದುಕೊಳ್ಳುವುದಿಲ್ಲ. ಅಲ್ಲಿ ಸೇರಿದ್ದು ತಾಯಿಯ ನೆನಪು. ಒಬ್ಬರ ತಾಯಿಯ ನೆನಪನ್ನು ಇನ್ನೊಬ್ಬರ ಮಾತಾಗಿ ಓದಬೇಕಾಗಿ ಬಂದರೆ ಕರುಳು ಚುರುಕ್ ಎನ್ನದಿರುತ್ತದೆಯೇ?

ಹಾಗಾದರೆ ಹಂಚುವುದೇ ತಪ್ಪೇ? ಖಂಡಿತ ಅಲ್ಲ. ಹಂಚದಿದ್ದರೆ ಅಡುಗೆ ಎಂಬ ವಿದ್ಯೆಯೇ ಉಳಿಯುತ್ತಿರಲಿಲ್ಲ. ಬೇಕಾದದ್ದು ಸ್ವಲ್ಪ ರೀತಿನೀತಿ. ಮೊದಲು ಸ್ವತಃ ಮಾಡಿ ನೋಡುವುದು. ಆಮೇಲೆ ತಮ್ಮ ಮಾತಿನಲ್ಲಿ ಬರೆಯುವುದು. ಯಾರಿಂದ ಕಲಿತದ್ದೋ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಹೇಳುವುದು. ಇನ್ನೊಬ್ಬರ ಬರಹವನ್ನೋ ಚಿತ್ರವನ್ನೋ ಇದ್ದಂತೆಯೇ ಹಾಕಬೇಕಾದರೆ ಕೇಳಿ ಹಾಕುವುದು. ‘ಕೃಪೆ’ ಎಂದು ಬರೆದ ಮಾತ್ರಕ್ಕೆ ಅನುಮತಿ ಪಡೆದಂತಾಗದು. ಹೆಸರು ಹೇಳುವುದು ಸೌಜನ್ಯ, ಒಪ್ಪಿಗೆ ಕೇಳುವುದು ಕರ್ತವ್ಯ.

ಕಾನೂನಿನ ಕೈ ತಲುಪದ ಜಾಗವೂ ಒಂದಿದೆ. ‘ನಿನಗೆ ಮಾತ್ರ ಹೇಳುತ್ತಿದ್ದೇನೆ’ ಎಂದು ಚಿಕ್ಕಮ್ಮನೊಬ್ಬಳು ಹೇಳಿಕೊಟ್ಟ ಸಾರಿನಪುಡಿಯ ಹದವನ್ನು ಸಂಜೆಯೊಳಗೆ ಜಗತ್ತಿಗೆ ಸಾರಿದರೆ ಯಾವ ನ್ಯಾಯಾಲಯವೂ ಕರೆಸಿ ಕೇಳಲಿಕ್ಕಿಲ್ಲ. ಆದರೆ ಆ ಚಿಕ್ಕಮ್ಮ ಮುಂದಿನ ಸಲ ಒಂದು ಪದಾರ್ಥವನ್ನು ಮರೆತಂತೆ ಬಿಟ್ಟರೆ ಆಕೆಯನ್ನು ದೂರುವಂತಿಲ್ಲ.

ಮನೆಗಳಲ್ಲಿ ಇನ್ನೂ ಹಳೆಯ ನೋಟ್‌ಬುಕ್ಕುಗಳಿವೆ. ಎಣ್ಣೆ ಕಲೆ, ಅರಿಸಿನದ ಬೆರಳಚ್ಚು ಹೊತ್ತ ಹಾಳೆಗಳು. ಬರೆದವರ ಹೆಸರೇ ಅವುಗಳಲ್ಲಿ ಇರುವುದಿಲ್ಲ, ಏಕೆಂದರೆ ಬರೆದಾಕೆಗೆ ಅದರ ಅಗತ್ಯ ಕಂಡಿರಲಿಲ್ಲ. ಆ ಹಾಳೆಯ ಫೋಟೋ ತೆಗೆದು ‘ನಮ್ಮನೆ ಸ್ಪೆಷಲ್’ ಎಂದು ಹಾಕುವ ಮಕ್ಕಳಿಗೆ, ಆ ‘ನಮ್ಮನೆ’ಯೊಳಗೆ ಒಬ್ಬ ವ್ಯಕ್ತಿ ಇದ್ದಾಳೆಂದು ತಂದೆತಾಯಿಗಳು ನೆನಪಿಸಬೇಕು. ಹಾಗೆ ನೆನಪಿಸುವ ಹಿರಿಯರೂ ತಮಗೆ ಬಂದದ್ದನ್ನು ಹೆಸರಳಿಸಿ ಮುಂದೆ ದಾಟಿಸದೆ ಇದ್ದರೆ ಪಾಠ ಬೇಗ ತಲೆಗೆ ಹತ್ತುತ್ತದೆ.

ಬರುವ ರಜೆಯಲ್ಲಿ ಮಕ್ಕಳು ಅಜ್ಜಿಯ ಬಳಿ ಕುಳಿತು ಒಂದೇ ಒಂದು ಪಾಕವನ್ನು ಬರೆದುಕೊಳ್ಳಲಿ. ರೆಕಾರ್ಡ್ ಪುಸ್ತಕದಲ್ಲಿ ಬರೆಯುವಂತೆ ಮೇಲೆ ದಿನಾಂಕ, ಪಕ್ಕದಲ್ಲಿ ಅಜ್ಜಿಯ ಪೂರ್ತಿ ಹೆಸರು ಇರಲಿ. ಹಂಚುವ ಮೊದಲು ‘ಹಾಕಲೇ?’ ಎಂದು ಒಂದು ಮಾತು ಕೇಳಲಿ. ‘ಅದಕ್ಕೇನಂತೆ, ಹಾಕು’ ಎನ್ನುವ ಅಜ್ಜಿಯರೇ ಹೆಚ್ಚು. ಆದರೂ ಕೇಳಿದರು ಎಂಬ ಸಂತೋಷವೇ ಬೇರೆ.