ಅಜ್ಜಿಯ ಗುರುಗಳು

ಹಬ್ಬದ ಊಟಕ್ಕೆಂದು ನಮ್ಮ ಮನೆಗೆ ಬರುವ ಕೂಟದ ಸ್ನೇಹಿತರು ನಡುಮನೆಯ ಗೋಡೆಯ ಮೇಲಿರುವ ಶ್ರೀ ರಮಣ ಮಹರ್ಷಿಗಳ ಭಾವಚಿತ್ರವನ್ನು ನೋಡಿ, "ಇವರು ನಿಮ್ಮ ಗುರುಗಳೇ?" ಎಂದು ಕೇಳುವುದುಂಟು. "ನನ್ನ ಅಜ್ಜಿಯ ಗುರುಗಳು" ಎಂದು ಹೇಳಿ, ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ಆ ಉತ್ತರ ಪೂರ್ತಿ ನಿಜವಲ್ಲವೆಂದು ಈಚೆಗೆ ಅನ್ನಿಸುತ್ತಿರುವುದರಿಂದ ಈ ನಾಲ್ಕು ಮಾತು.

ಆ ಚಿತ್ರ ಬೆಂಗಳೂರಿನ ಛಾಯಾಗ್ರಾಹಕ ವೆಲ್ಲಿಂಗ್ ಅವರು 1946ರಲ್ಲಿ ತೆಗೆದದ್ದು. ಅದೇ ವರ್ಷ, ಹತ್ತು ವರ್ಷದ ಹುಡುಗಿಯಾಗಿದ್ದ ಅಜ್ಜಿ ತಮ್ಮ ತಂದೆಯೊಡನೆ ಕೋಲಾರದ ಕಡೆಯಿಂದ ಹೊರಟು, ಕಾಟ್ಪಾಡಿಯಲ್ಲಿ ಗಾಡಿ ಬದಲಾಯಿಸಿ, ತಿರುವಣ್ಣಾಮಲೈಯ ರಮಣಾಶ್ರಮಕ್ಕೆ ಹೋಗಿದ್ದರು. ತಂದೆಯ ಬಳಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೇ ಇತ್ತಂತೆ. ಮಗಳ ಬಳಿ ಒಂದೂ ಇರಲಿಲ್ಲ. ಎಲ್ಲರೂ ಸುಮ್ಮನೆ ಕುಳಿತಿದ್ದರಂತೆ. ಮಹರ್ಷಿಗಳು ಒಮ್ಮೆ ಇವರ ಕಡೆ ನೋಡಿದರಂತೆ. ಅಷ್ಟೇ. ಮಾತಿಲ್ಲ, ಮಂತ್ರವಿಲ್ಲ, ದೀಕ್ಷೆಯಿಲ್ಲ. ಆ ಒಂದು ನೋಟವನ್ನು ನಂಬಿ ಅಜ್ಜಿ ಮುಕ್ಕಾಲು ಶತಮಾನ ಬಾಳಿದರು. ದಿನವೂ ಬೆಳಗಿನ ಕಾಫಿಗೆ ಮುಂಚೆ ಚಿತ್ರದ ಮುಂದೆ ಕಾಲು ಗಂಟೆ ಕೂರುವರು. ಸೊಸೆಯ ಮೇಲಿನ ಮುನಿಸು, ಜಮೀನಿನ ವ್ಯಾಜ್ಯ, ನನ್ನ ಪರೀಕ್ಷೆ ಎಲ್ಲವೂ ಅಲ್ಲಿಗೇ ಹೋಗುತ್ತಿದ್ದವು.

ಆಗ ಎಂ.ಎಸ್‌ಸಿ. ಓದುತ್ತಿದ್ದ ನನಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ: "ಅಜ್ಜಿ, ಚಿತ್ರ ಎಲ್ಲಾದರೂ ಮಾತಾಡುತ್ತಾ? ನಿಮ್ಮ ಮನಸ್ಸೇ ನಿಮಗೆ ಹೇಳಿಕೊಳ್ಳೋದಲ್ವಾ?"

ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ. "ನಂಗೆ ಬೇಕಾದ್ದನ್ನೇ ಹೇಳಿದ್ರೆ ಅದು ನನ್ನ ಮನಸ್ಸು ಕಣೇ. ಬೇಡವಾದ್ದನ್ನ ಹೇಳಿ, ಆಮೇಲೂ ನಂಗೆ ನೆಮ್ಮದಿಯಾಗಿ ನಿದ್ದೆ ಬಂದ್ರೆ ಅದು ಅವರು."

ನಕ್ಕು ಸುಮ್ಮನಾದೆ. ಆದರೆ ಮಾತು ಮರೆಯಲಿಲ್ಲ.

ಮಹರ್ಷಿಗಳಿಗೂ ಮನುಷ್ಯರೂಪದ ಗುರು ಇರಲಿಲ್ಲ. 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮನೆ ಬಿಟ್ಟು ಬಂದ ಅವರಿಗೆ ಅರುಣಾಚಲ ಬೆಟ್ಟವೇ ಗುರು. ಗುರುವು ಹೊರಗೂ ಇದ್ದಾನೆ, ಒಳಗೂ ಇದ್ದಾನೆ. ಹೊರಗಿನಿಂದ ಮನಸ್ಸನ್ನು ಒಳಕ್ಕೆ ತಳ್ಳುತ್ತಾನೆ, ಒಳಗಿನಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ ಎಂಬುದು ಅವರ ಬೋಧೆ. ಮೌನವೇ ಎಲ್ಲಕ್ಕಿಂತ ದೊಡ್ಡ ಉಪದೇಶವೆಂದು ಹೇಳಿ, ಆಲದ ಕೆಳಗೆ ಮೌನದಿಂದಲೇ ಶಿಷ್ಯರ ಸಂಶಯ ನೀಗಿದ ದಕ್ಷಿಣಾಮೂರ್ತಿಯನ್ನು ನೆನೆಯುತ್ತಿದ್ದರು. 1931ರಲ್ಲಿ ಬಂದ ಇಂಗ್ಲಿಷ್ ಪತ್ರಕರ್ತ ಪಾಲ್ ಬ್ರಂಟನ್ ತಾನು ತಂದ ಪ್ರಶ್ನೆಗಳು ಆ ಮೌನದಲ್ಲಿ ಒಂದೊಂದಾಗಿ ಉದುರಿಹೋದುದನ್ನು ಬರೆದಿದ್ದಾನೆ. ಇದನ್ನೆಲ್ಲ ಓದಿದ್ದೆ. ಓದಿದ್ದು ಓದಾಗಿಯೇ ಉಳಿದಿತ್ತು.

ಮೂರು ವರ್ಷದ ಕೆಳಗೆ, ದುಬಾರಿ ಲೋಹದ ನೆರವಿಲ್ಲದೆ ನಡೆಯುವ ಒಂದು ರಾಸಾಯನಿಕ ಕ್ರಿಯೆ ಸಿಕ್ಕಿತೆಂದು ನಾನು ಹಿಗ್ಗಿದ್ದೆ. ಐದು ಸಲ ಮಾಡಿದ್ದರಲ್ಲಿ ಮೂರು ಸಲ ಇಳುವರಿ ಶೇಕಡಾ 80 ದಾಟಿತ್ತು. ಎರಡು ಸಲ 15 ಕೂಡ ಮುಟ್ಟಿರಲಿಲ್ಲ. ಆ ಎರಡಕ್ಕೆ ದ್ರಾವಕದಲ್ಲಿ ಸೇರಿದ ತೇವವೇ ಕಾರಣವೆಂದು ನಾನೇ ತೀರ್ಮಾನಿಸಿ, ಪ್ರಬಂಧದಿಂದ ಕೈಬಿಟ್ಟೆ. ನನ್ನ ಕೆಲಸದ ಅವಧಿ ಮುಗಿಯಲು ಆರೇ ತಿಂಗಳಿತ್ತು. ಪ್ರಬಂಧ ಕಳಿಸುವ ಹಿಂದಿನ ರಾತ್ರಿ, ಆಶೀರ್ವಾದ ಕೇಳುವಂತೆ ಚಿತ್ರದ ಮುಂದೆ ಕುಳಿತೆ.

ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಟಿಪ್ಪಣಿ ಪುಸ್ತಕದ ಆ ಎರಡು ಪುಟಗಳು ಮಾತ್ರ ಕಣ್ಣ ಮುಂದೆ ಬಂದವು. ಅತ್ತ ತಳ್ಳಿದೆ. ಮತ್ತೆ ಬಂದವು. ಇದು ಬರೀ ಮನಸ್ಸಾಕ್ಷಿಯಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಆದರೆ ನನ್ನ ಮನಸ್ಸಾಕ್ಷಿ ಒಂದು ತಿಂಗಳಿಂದ ತೇವದ ಪರವಾಗಿಯೇ ವಕಾಲತ್ತು ಮಾಡುತ್ತಿತ್ತು. ಆ ಮುಖದೆದುರು ಕೂತಾಗ ವಕಾಲತ್ತು ನಿಂತಿತು.

ಮಾರನೆಯ ದಿನ ಹಿರಿಯ ಸಹೋದ್ಯೋಗಿಗೆ ಎಲ್ಲವನ್ನೂ ಹೇಳಿದೆ. ಹುಡುಕಲು ಐದು ತಿಂಗಳು ಹಿಡಿಯಿತು. ಒಳ್ಳೆಯ ಇಳುವರಿ ಕೊಟ್ಟ ಮೂರೂ ಪ್ರಯೋಗಗಳಿಗೆ ಒಂದೇ ಹಳೆಯ ಬಾಟಲಿಯ ಕ್ಷಾರ ಬಳಸಿದ್ದೆ. ಅದರಲ್ಲಿ ಪಲೇಡಿಯಂ ಲೋಹದ ಲೇಶ ಬೆರೆತಿತ್ತು. ನಿಜ ಹೇಳಿದ್ದು ನಾನು ಕೈಬಿಟ್ಟಿದ್ದ ಎರಡು ಪ್ರಯೋಗಗಳೇ. ಪ್ರಬಂಧ ಅಚ್ಚಾಗಲಿಲ್ಲ, ಕೆಲಸವೂ ಮುಂದುವರಿಯಲಿಲ್ಲ. ಎಂಟು ತಿಂಗಳು ಬೇರೆ ಕೆಲಸಕ್ಕೆ ಅಲೆದೆ. ಆದರೂ ಹೇಳಿಕೊಂಡ ಆ ರಾತ್ರಿ ನನಗೆ ನಿದ್ದೆ ಬಂದಿತ್ತು. ಅಜ್ಜಿಯ ಪರೀಕ್ಷೆ ನೆನಪಾದದ್ದು ಬೆಳಿಗ್ಗೆ ಎದ್ದ ಮೇಲೆ.

ಅಜ್ಜಿ ಕಳೆದ ವರ್ಷ ತೀರಿಕೊಂಡರು. ನಾನು ಸಮಯಕ್ಕೆ ಊರು ತಲುಪಲಾಗಲಿಲ್ಲ. ನಮ್ಮಲ್ಲಿ ಅನೇಕರಿಗೆ ಈ ಸಂಕಟ ಗೊತ್ತು. ಕೊನೆಯ ಸಲ ಫೋನಿನಲ್ಲಿ ನಾನು ಅತ್ತಾಗ, ಅವರು 1950ರ ಏಪ್ರಿಲ್‌ನ ಮಾತೆತ್ತಿದರು. ಕಾಯಿಲೆಯಲ್ಲಿ ಮಲಗಿದ್ದ ಮಹರ್ಷಿಗಳು ಗೋಳಾಡುತ್ತಿದ್ದ ಭಕ್ತರಿಗೆ, ತಾವು ಎಲ್ಲಿಗೆ ತಾನೇ ಹೋಗಲು ಸಾಧ್ಯವೆಂದು ಕೇಳಿದ್ದರಲ್ಲ, ಅದು. "ನಾನು ಅವರನ್ನ ನೋಡಿದ್ದು ಒಂದೇ ಸಲ ಕಣೇ. ಸಾಲಲಿಲ್ಲವಾ? ದೂರ ಅನ್ನೋದು ಮೈಗೆ" ಎಂದರು.

ಈಗ ಬೆಳಿಗ್ಗೆ ಕಾಲು ಗಂಟೆ ನಾನೂ ಕೂರುತ್ತೇನೆ. ಎಷ್ಟೋ ದಿನ ಬರುವುದು ಪ್ರಯೋಗಶಾಲೆಯ ಚಿಂತೆಯೇ. ಮುಂದಿನ ಹಬ್ಬಕ್ಕೆ ಬಂದು ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ಹೌದೆನ್ನಲು ನನಗಿನ್ನೂ ಸಂಕೋಚವಿದೆ. ಆದರೆ ಕಾಫಿ ತರಲು ಓಡುವುದಿಲ್ಲ.