ಖಾಲಿಯಿದ್ದರೂ ತುಂಬಿದ ಗ್ಯಾಲರಿ

2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್. ನೀರಜ್ ಚೋಪ್ರಾ ಎಸೆದ ಜಾವೆಲಿನ್ 87.58 ಮೀಟರ್ ದೂರ ಹೋಗಿ ಬಿದ್ದಾಗ, ಟಿವಿ ಮುಂದಿದ್ದ ನನಗೆ ಗ್ಯಾಲರಿಯಲ್ಲಿ ಜನ ಇದ್ದಾರೇನೋ ಅನ್ನಿಸಿತ್ತು. ಎಲ್ಲಿಯ ಜನ, ಕೋವಿಡ್ ಕಾಲ! ಟೋಕಿಯೋದ ಆ ರಾಷ್ಟ್ರೀಯ ಕ್ರೀಡಾಂಗಣದ ಕುರ್ಚಿಗಳಿಗೆ ಐದು ಬಣ್ಣ. ಮರದಡಿ ಚೆಲ್ಲಿದ ಬಿಸಿಲಿನ ಚುಕ್ಕೆಗಳ ಹಾಗೆ ಬೆರಕೆ. ಖಾಲಿಯಿದ್ದರೂ ತುಂಬಿದಂತೆ ಕಾಣುವುದು ಅದಕ್ಕೇ. ಈ ಕ್ರೀಡಾಂಗಣಕ್ಕೆ ವಾಸ್ತುಶಿಲ್ಪಿ ಜಹಾ ಹದೀದ್ ಮಾಡಿದ್ದ ದುಬಾರಿ ವಿನ್ಯಾಸ 2015ರಲ್ಲಿ ರದ್ದಾದ ಮೇಲೆ ಕೆಂಗೊ ಕುಮಾ ತಗ್ಗಾದ ಕಟ್ಟಡ ರೂಪಿಸಿ, ಸೂರಿನಂಚಿಗೆ ಜಪಾನಿನ 47 ಪ್ರಾಂತ್ಯಗಳ ಮರ ಹೊಂದಿಸಿದರು. ಮಹಾನಗರದ ನಡುವಿನ ಹಸಿರಿಗೆ ದಾರಿಬಿಟ್ಟು ಕೂತ ಹಾಗಿದೆ. ನಮ್ಮಲ್ಲಾದರೆ ಮೊದಲು ವಿಐಪಿ ಸ್ಟ್ಯಾಂಡಿಗೆ ಜಾಗ ಅಳೆಯುತ್ತಿದ್ದರು, ಬಿಡಿ.

2025ರ ಸೆಪ್ಟೆಂಬರಿನ ವಿಶ್ವ ಅಥ್ಲೆಟಿಕ್ಸಿಗೆ ಅದೇ ಕುರ್ಚಿಗಳಲ್ಲಿ ನಿಜವಾದ ಜನ ಕೂತಿದ್ದರು. ನೀರಜ್ ಎಂಟನೆಯವರಾದರು.